ಸ್ನಾಯು ಸೆಳೆತಕ್ಕೆ ಮೆಡಿಕಲ್‌ನಿಂದ ಏನು ತರಬೇಕು: ಕ್ರೇಪ್ ಬ್ಯಾಂಡೇಜ್, ಐಸ್ ಚೀಲ, ಜೆಲ್, ಮುರಿವೆಣ್ಣ

ಕಾಸರಗೋಡು ಕಡೆಯ ಯಾವುದೇ ಮೆಡಿಕಲ್ ಅಂಗಡಿಗೆ ಹೋಗಿ “ಮೀನಖಂಡ ಎಳೆದುಕೊಂಡಿದೆ, ಏನಾದರೂ ಕೊಡಿ ಮಾರಾಯ್ರೆ” ಎಂದರೆ ಮೊದಲು ಕೈಗೆ ಬರುವುದು ನೋವಿನ ಸ್ಪ್ರೇ. ಆಮೇಲೆ ಟ್ಯೂಬ್. ಕ್ರೇಪ್ ಬ್ಯಾಂಡೇಜ್ ಬೇಕೆಂದು ಹೆಸರು ಹೇಳಿ ಕೇಳಿದರೆ ಮಾತ್ರ ಒಳಗಿನ ಕಪಾಟಿನಿಂದ ಬರುತ್ತದೆ. ಐಸ್ ಚೀಲ ಸಣ್ಣ ಪೇಟೆಯ ಅಂಗಡಿಗಳಲ್ಲಿ ಸಿಗುವುದೇ ಅಪರೂಪ. ಮೊದಲ ಎರಡು ದಿನಕ್ಕೆ ಬೇಕಾದ ಸಾಮಾನಿನ ಕ್ರಮ ಇದಕ್ಕೆ ಪೂರ್ತಿ ಉಲ್ಟಾ: ಮೊದಲು ಐಸ್, ಜೊತೆಗೇ ಬ್ಯಾಂಡೇಜ್, ಬೇಕಿದ್ದರೆ ಜೆಲ್. ಸ್ಪ್ರೇ ಇಲ್ಲದಿದ್ದರೂ ನಡೆಯುತ್ತದೆ. ಎಣ್ಣೆ ಸವರುವುದು ಮತ್ತು ಶಾಖ ಮೂರನೇ ದಿನ ಕಳೆದ ಮೇಲೆ. ಈ ಬರಹದಲ್ಲಿ ಒಂದೊಂದೇ ಸಾಮಾನನ್ನು ತೆಗೆದುಕೊಂಡು, ದುಡ್ಡಿಗೆ ತಕ್ಕದ್ದು ಯಾವುದು, ಎಲ್ಲಿ ತಪ್ಪಾಗುತ್ತದೆ ಎಂದು ನೋಡಿದ್ದೇವೆ.

ಈ ಭಾಗದಲ್ಲಿ ಸ್ನಾಯು ಎಳೆದುಕೊಳ್ಳುವ ಕೆಲಸಗಳಿಗೆ ಕೊರತೆಯಿಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ಇಡೀ ದಿನ ಮೇಲೆ ನೋಡುತ್ತ ಅಡಕೆ ಕೊಯ್ಯುವವರಿಗೆ ಕುತ್ತಿಗೆ ಮತ್ತು ಹೆಗಲು, ತಳೆ ಹಾಕಿ ಮರ ಏರುವವರಿಗೆ ತೊಡೆಯ ಒಳಬದಿ, ಮುರಕಲ್ಲು ಎತ್ತುವವರಿಗೆ ಸೊಂಟ, ಕಬಡ್ಡಿ ಆಡುವ ಹುಡುಗರಿಗೆ ತೊಡೆಯ ಹಿಂಬದಿ, ಯಕ್ಷಗಾನದಲ್ಲಿ ಧೀಂಗಿಣ ಹಾಕುವ ವೇಷಧಾರಿಗಳಿಗೆ ಮೀನಖಂಡ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ, ಬೀಳದೆ ತಡೆದುಕೊಳ್ಳಲು ಹೋಗಿ ಎಳೆದುಕೊಳ್ಳುವವರು ಬೇರೆ. ಜಾಗ ಯಾವುದಾದರೂ ಒಳಗೆ ಆಗುವುದು ಒಂದೇ: ಸ್ನಾಯುವಿನ ಎಳೆಗಳು ಹರಿಯುತ್ತವೆ, ಜೊತೆಗೆ ಅಲ್ಲಿನ ಸಣ್ಣ ರಕ್ತನಾಳಗಳೂ ಹರಿದು ಒಳಗೊಳಗೇ ರಕ್ತ ಸೋರುತ್ತದೆ. ಮೊದಲ 48ರಿಂದ 72 ಗಂಟೆಗಳಲ್ಲಿ ಮಾಡಬೇಕಾದ್ದು ಈ ಸೋರುವಿಕೆಯನ್ನೂ ಬಾವನ್ನೂ ಮಿತಿಯಲ್ಲಿಡುವುದು. ತಿಕ್ಕುವುದು, ಶಾಖ ಕೊಡುವುದು, ಮದ್ಯ ಕುಡಿಯುವುದು, “ನಡೆದರೆ ಸರಿಹೋಗುತ್ತದೆ” ಎಂದು ಬಲವಂತವಾಗಿ ನಡೆಯುವುದು, ಈ ನಾಲ್ಕೂ ಅದನ್ನು ಹೆಚ್ಚಿಸುತ್ತವೆ.

ಕ್ರೇಪ್ ಬ್ಯಾಂಡೇಜ್

ದುಡ್ಡು ಒಂದೇ ವಸ್ತುವಿಗೆ ಇದ್ದರೆ ಇದನ್ನೇ ತೆಗೆದುಕೊಳ್ಳಿ. ಸ್ಪ್ರೇ ಡಬ್ಬಿ ಕೆಲವೇ ದಿನಕ್ಕೆ ಖಾಲಿ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಬರುವ ಬ್ಯಾಂಡೇಜ್ ತೊಳೆದು ಒಣಗಿಸಿ ಎಷ್ಟೋ ಸಲ ಕಟ್ಟಬಹುದು.

ಕೇಳುವಾಗ ಅಗಲ ಹೇಳಿ ಕೇಳಬೇಕು. 6, 8, 10, 15 ಸೆಂಟಿಮೀಟರ್ ಅಗಲಗಳು ಸಾಮಾನ್ಯ. ಮಣಿಕಟ್ಟಿಗೆ 6, ಮುಂಗೈಗೆ ಮತ್ತು ಪಾದದ ಗಂಟಿಗೆ 8, ಮೀನಖಂಡಕ್ಕೆ 10, ತೊಡೆಗೆ 15. ಅಂಗಡಿಯಲ್ಲಿ ಒಂದೇ ಅಗಲ ಇದ್ದು “ಎಲ್ಲದಕ್ಕೂ ಆಗುತ್ತದೆ” ಎಂದು 6 ಸೆಂಟಿಮೀಟರ್‌ನದ್ದನ್ನು ತೊಡೆಗೆ ಕೊಟ್ಟರೆ ಬೇಡ ಎನ್ನಿ. ಅಗಲ ಕಡಿಮೆಯಾದಷ್ಟೂ ಅದು ಹಗ್ಗದ ಹಾಗೆ ಸುರುಟಿಕೊಂಡು ಒಂದೇ ಗೆರೆಯಲ್ಲಿ ಒತ್ತುತ್ತದೆ, ಕೆಳಗಿನ ಭಾಗ ಬಾತುಕೊಳ್ಳುತ್ತದೆ. ಪೊಟ್ಟಣದ ಮೇಲಿನ ‘4 ಮೀಟರ್’ ಪೂರ್ತಿ ಎಳೆದಾಗಿನ ಉದ್ದ, ಎಳೆಯದಿದ್ದರೆ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ದಪ್ಪ ತೊಡೆಗೆ ಒಂದು ಸಾಲದು, ಎರಡು ತನ್ನಿ.

ಗುಣಮಟ್ಟ ಅಂಗಡಿಯಲ್ಲೇ ಗೊತ್ತಾಗುತ್ತದೆ. ಒಂದು ಗೇಣಿನಷ್ಟು ಬಿಚ್ಚಿ ಎಳೆದು ಬಿಡಿ. ಒಳ್ಳೆಯದು ಕೂಡಲೇ ಮೊದಲಿನ ಉದ್ದಕ್ಕೆ ಮರಳುತ್ತದೆ. ಸುಮಾರಿನದು ಜೋಲು ಬೀಳುತ್ತದೆ. ಅಂಚು ನೇಯ್ದು ಕೂಡಿಸಿದ್ದಿರಬೇಕು, ಬರೇ ಕತ್ತರಿಸಿದ ಅಂಚು ಎರಡು ತೊಳೆತಕ್ಕೆ ನೂಲು ಬಿಡುತ್ತದೆ. ನಡುವೆ ಬಣ್ಣದ ನೂಲಿನ ಗೆರೆ ಇರುವಂಥದ್ದು ಸಿಕ್ಕಿದರೆ ಅದನ್ನೇ ಆರಿಸಿ, ಸುತ್ತುವಾಗ ಎಷ್ಟು ಮುಚ್ಚಿತು ಎಂಬುದಕ್ಕೆ ಅದೇ ಅಳತೆ. ರಬ್ಬರ್ ನೂಲು ಹಾಕಿದ ಬಿಗಿ ಬ್ಯಾಂಡೇಜ್‌ಗಳೂ ಪಕ್ಕದಲ್ಲೇ ಇರುತ್ತವೆ. ಅವುಗಳ ಒತ್ತಡ ಜಾಸ್ತಿ, ಅಭ್ಯಾಸವಿಲ್ಲದವರು ಮನೆಯಲ್ಲಿ ಕಟ್ಟುವುದು ಬೇಡ. ಹೆಸರಿರುವ ಕಂಪನಿಗಳಲ್ಲಿ ಆಲುವಾದ ಡೈನಾ ಮತ್ತು ಪಂಜಾಬಿನ ಟೈನರ್ ಸಾಮಾನು ಈ ಭಾಗದಲ್ಲೂ ಸಿಗುತ್ತದೆ. ಹತ್ತಿಯ ಅಂಶ ಹೆಚ್ಚಿರುವುದನ್ನು ನೋಡಿ ತೆಗೆದುಕೊಂಡರೆ ನಮ್ಮ ಸೆಕೆಗೆ ಮೈ ತುರಿಸುವುದಿಲ್ಲ.

ಕಟ್ಟುವ ರೀತಿ ಹೀಗೆ. ಮೀನಖಂಡಕ್ಕಾದರೆ ಮಲಗಿ, ಕಾಲನ್ನು ದಿಂಬಿನ ಮೇಲೆ ಇಟ್ಟು ಐದು ನಿಮಿಷ ಬಿಡಬೇಕು. ಹೀಗೆ ಮಾಡಿದರೆ ಇಳಿದು ನಿಂತ ರಕ್ತ ಮೇಲೆ ಹೋಗುತ್ತದೆ. ಪಾದವನ್ನು ಮೊಣಕಾಲಿನ ಕಡೆಗೆ ಎತ್ತಿ ಹಿಡಿದು, ಕಾಲ್ಬೆರಳುಗಳ ಬುಡದಿಂದ ಶುರು ಮಾಡಿ. ಅಲ್ಲಿ ಎರಡು ಸುತ್ತು ಗಟ್ಟಿ ಕೂರಿಸಿ, ಹಿಮ್ಮಡಿಗೆ ಎಂಟರ ಆಕಾರದಲ್ಲಿ ಹಾಯಿಸಿ, ಆಮೇಲೆ ಮೇಲಕ್ಕೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಎಳೆತವೂ ಅರ್ಧವೇ: ಎಷ್ಟು ಹಿಗ್ಗುತ್ತದೋ ಅದರ ಅರ್ಧ ಮಾತ್ರ ಎಳೆದು ಸುತ್ತಿ. ಕೆಳಗೆ ತುಸು ಬಿಗಿ, ಮೇಲೆ ಹೋದಂತೆ ಸಡಿಲ. ಮೊಣಕಾಲಿಗೆ ಎರಡು ಬೆರಳು ಕೆಳಗೆ ನಿಲ್ಲಿಸಿ. ಜನ ಮಾಡುವ ದೊಡ್ಡ ತಪ್ಪು ನೋವಿರುವ ಜಾಗಕ್ಕೆ ಮಾತ್ರ ನಾಲ್ಕೈದು ಸುತ್ತು ಬಿಗಿಯಾಗಿ ಹಾಕುವುದು. ಸಂಜೆಯೊಳಗೆ ಪಾದ ಹಲಸಿನ ಸೊಳೆಯ ಹಾಗೆ ಉಬ್ಬಿರುತ್ತದೆ, ಆಗ ತಪ್ಪನ್ನು ಬ್ಯಾಂಡೇಜಿನ ಮೇಲೆ ಹಾಕುತ್ತಾರೆ.

ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರನ್ನು ಐದು ಸೆಕೆಂಡು ಒತ್ತಿ ಬಿಡಿ. ಬಿಳಿಯಾದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ತಡವಾದರೆ, ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಜುಮುಜುಮು ಎಂದರೆ ಪೂರ್ತಿ ಬಿಚ್ಚಿ ಹದಿನೈದು ನಿಮಿಷ ಬಿಟ್ಟು ಸಡಿಲವಾಗಿ ಕಟ್ಟಿ. ಅರ್ಧ ಗಂಟೆಯಾದ ಮೇಲೆ ಇನ್ನೊಮ್ಮೆ ನೋಡಿ, ಬಾವು ಏರುತ್ತಿರುವಾಗ ಸರಿಯಿದ್ದ ಬಿಗಿಯೇ ಆಮೇಲೆ ಹೆಚ್ಚಾಗುತ್ತದೆ. ರಾತ್ರಿ ಮಲಗುವಾಗ ಬಿಚ್ಚಿಡಬೇಕು. ಪೊಟ್ಟಣದಲ್ಲಿ ಬರುವ ಹಲ್ಲಿನ ಕ್ಲಿಪ್ಪುಗಳನ್ನು ನಂಬಬೇಡಿ, ನಮ್ಮ ಕರಾವಳಿಯ ಗಾಳಿಗೆ ಬೇಗ ತುಕ್ಕು ಹಿಡಿದು ಚುಚ್ಚುತ್ತವೆ. ಕೊನೆಯನ್ನು ಅಂಟು ಪಟ್ಟಿಯಿಂದ, ಅಂದರೆ ಗಾಯಕ್ಕೆ ಹಾಕುವ ಪ್ಲಾಸ್ಟರ್‌ನಿಂದ ಕೂರಿಸುವುದೇ ಲೇಸು.

ಸೆಳೆತದ ಜಾಗಕ್ಕೆ ತೊಡಿಸುವ ರಬ್ಬರಿನಂಥ ನಿಯೋಪ್ರೀನ್ ಚೀಲಗಳ ಬಗ್ಗೆ ಒಂದು ಮಾತು. ಮೊದಲ ವಾರ ಅವು ಬೇಡ. ಬಾವು ದಿನದಿಂದ ದಿನಕ್ಕೆ ಬದಲಾಗುತ್ತದೆ, ಒಂದೇ ಅಳತೆಯ ಚೀಲ ಬದಲಾಗುವುದಿಲ್ಲ. ಮತ್ತೆ ಕೆಲಸಕ್ಕೆ ಇಳಿಯುವಾಗ ಬೇಕೆನಿಸಿದರೆ ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಯನ್ನು ಬೆಳಗ್ಗೆ ಎದ್ದ ಕೂಡಲೇ ಟೇಪಿನಿಂದ ತೆಗೆದು ಅದರ ಪ್ರಕಾರ ತನ್ನಿ. ಬೆವರು ಒಳಗೇ ನಿಂತು ಬೆವರುಸಾಲೆ, ಕಜ್ಜಿ ಆಗುವುದು ಸಾಮಾನ್ಯ, ಎರಡು ಮೂರು ಗಂಟೆಗೊಮ್ಮೆ ತೆಗೆದು ಒರೆಸಬೇಕು.

ಐಸ್ ಚೀಲ, ಜೆಲ್ ಪ್ಯಾಕ್

ತಿರುಪು ಮುಚ್ಚಳದ ಬಟ್ಟೆಯ ಅಥವಾ ರಬ್ಬರಿನ ಐಸ್ ಚೀಲ ಮತ್ತು ಫ್ರೀಜರ್‌ನಲ್ಲಿ ಇಡುವ ನೀಲಿ ಜೆಲ್ ಪ್ಯಾಕ್, ಎರಡೂ ಸಿಗುತ್ತವೆ. ನಮ್ಮ ಒಲವು ಐಸ್ ಚೀಲದ ಕಡೆಗೆ. ಕಾರಣ ಇಷ್ಟೇ: ಕರಗುತ್ತಿರುವ ಮಂಜುಗಡ್ಡೆ 0 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಜೆಲ್ ಪ್ಯಾಕ್‌ನಲ್ಲಿ ಇರುವುದು ಸುಲಭದಲ್ಲಿ ಗಟ್ಟಿಯಾಗದ ದ್ರವ, ಮನೆಯ ಫ್ರೀಜರ್‌ನಿಂದ ತೆಗೆದಾಗ ಅದು ಮೈನಸ್ 18ರ ಹತ್ತಿರವೂ ಇರಬಹುದು, ಆದರೂ ಕೈಗೆ ಮೆತ್ತಗೆ. ಮೆತ್ತಗಿದೆ ಎಂದು ನೇರ ಚರ್ಮಕ್ಕೆ ಇಟ್ಟವರಿಗೆ ಚರ್ಮ ಸುಟ್ಟ ಹಾಗಾಗುತ್ತದೆ. ಜೆಲ್ ಪ್ಯಾಕ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ, ಬೈರಾಸನ್ನು, ಅಂದರೆ ತೆಳು ಟವೆಲನ್ನು, ಎರಡು ಮಡಿಕೆ ಮಾಡಿ ನಡುವೆ ಇಡಿ.

ಐಸ್ ಚೀಲಕ್ಕೆ ಪುಡಿ ಮಾಡಿದ ಐಸ್ ಅರ್ಧದಷ್ಟು ತುಂಬಿಸಿ, ಸ್ವಲ್ಪ ನೀರು ಹಾಕಿ, ಒಳಗಿನ ಗಾಳಿಯನ್ನು ಒತ್ತಿ ಹೊರಹಾಕಿ ಮುಚ್ಚಳ ಬಿಗಿಯಿರಿ. ಗಾಳಿ ಉಳಿದರೆ ಚೀಲ ಚೆಂಡಿನ ಹಾಗೆ ನಿಲ್ಲುತ್ತದೆ, ಮೈಗೆ ಕೂರುವುದಿಲ್ಲ. ಉಪ್ಪು ಹಾಕಬೇಡಿ, ಉಪ್ಪು ಬಿದ್ದರೆ ತಣ್ಪು 0ಗಿಂತ ಕೆಳಗೆ ಇಳಿಯುತ್ತದೆ. ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ ನಡುವೆ ಇರಲಿ. 15ರಿಂದ 20 ನಿಮಿಷ, ಸಪೂರ ಮೈಯವರಿಗೆ 10 ನಿಮಿಷ ಸಾಕು. ಮೊದಲು ತಣ್ಣಗೆ, ಆಮೇಲೆ ಉರಿ, ಆಮೇಲೆ ನೋವು, ಕೊನೆಗೆ ಜೋಮು. ಜೋಮು ಬಂತೆಂದರೆ ತೆಗೆಯಬೇಕು, ಗಡಿಯಾರ ನೋಡಬೇಕಿಲ್ಲ. ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಬಹುದು. ಐಸ್ ಇಟ್ಟುಕೊಂಡೇ ನಿದ್ದೆ ಹೋಗಬಾರದು. ಮೊಣಕಾಲಿನ ಹೊರಬದಿಯಲ್ಲಿ, ಗಂಟಿನ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ತಲೆಯ ಮೇಲೆ ಐಸ್ ಬೇಡ. ಪಾದ ಎತ್ತುವ ನರ ಅಲ್ಲಿ ಚರ್ಮದ ಕೆಳಗೇ ಹಾಯುತ್ತದೆ, ಅದು ಮರಗಟ್ಟಿದರೆ ಪಾದ ಜೋಲುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೂ, ಕಾಲಿನ ರಕ್ತಸಂಚಾರ ಕಡಿಮೆ ಇರುವವರಿಗೂ ಐಸ್ ಸಲ್ಲ.

ಜೂನ್‌ನಲ್ಲಿ ಕರೆಂಟು ಹೋಗಿ ಫ್ರೀಜರ್ ನಿಂತಿರುವ ದಿನಗಳೂ ಇವೆ. ಆಗ ಅಂಗಡಿಯ ಸಿಪ್‌ಅಪ್, ಅಂದರೆ ಉದ್ದ ಪ್ಲಾಸ್ಟಿಕ್ ಕೊಳವೆಯಲ್ಲಿ ಬರುವ ಐಸ್ ಕ್ಯಾಂಡಿ, ಉಪಯೋಗಕ್ಕೆ ಬರುತ್ತದೆ. ನಾಲ್ಕು ಸಿಪ್‌ಅಪ್‌ಗಳನ್ನು ಬೈರಾಸಿನಲ್ಲಿ ಸಾಲಾಗಿ ಸುತ್ತಿದರೆ ಮೀನಖಂಡದ ಉದ್ದಕ್ಕೂ ಚೆನ್ನಾಗಿ ಕೂರುತ್ತದೆ. ಮೀನಿನ ಗಾಡಿಯ ಐಸ್ ಕೂಡ ಆಗುತ್ತದೆ, ಎರಡು ಪ್ಲಾಸ್ಟಿಕ್ ತೊಟ್ಟೆಯೊಳಗೆ ಕಟ್ಟಿದರೆ ಸಾಕು, ಚರ್ಮ ತರಚಿದ್ದರೆ ಮಾತ್ರ ಬೇಡ.

ಐಸ್ ಎಷ್ಟು ದಿನ? ವಿಶ್ರಾಂತಿ, ಐಸ್, ಒತ್ತುಕಟ್ಟು, ಎತ್ತರ ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸ್ ಹೆಚ್ಚಾದರೆ ಗುಣವಾಗುವುದು ತಡವಾಗಬಹುದು ಎಂದು 2014ರಲ್ಲಿ ತಾವೇ ತಿದ್ದಿಕೊಂಡರು. ಬಾವು ಕೂಡ ದೇಹದ ರಿಪೇರಿ ಕೆಲಸದ ಒಂದು ಭಾಗ. ಆದ್ದರಿಂದ ಐಸನ್ನು ನೋವು ತಡೆಯಲು ಎಂದು ಇಟ್ಟುಕೊಳ್ಳಿ: ಮೊದಲ ದಿನ ಧಾರಾಳ, ಎರಡನೇ ದಿನ ನೋವಿದ್ದರೆ, ಮೂರನೇ ದಿನದ ನಂತರ ಬೇಡ.

ಜೆಲ್, ಸ್ಪ್ರೇ, ಬಾಮ್

ಟ್ಯೂಬಿನ ಹಿಂಬದಿ ಓದಿ. ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಡೈಈಥೈಲಮೀನ್ 1.16%, ಮೀಥೈಲ್ ಸ್ಯಾಲಿಸಿಲೇಟ್ 10%, ಮೆಂಥಾಲ್ 5%, ಅಗಸೆ ಎಣ್ಣೆ 3% ಇರುತ್ತದೆ. ಕೆಲಸ ಮಾಡುವ ಮದ್ದು ಮೊದಲನೆಯದು. ಮೆಂಥಾಲ್ ತಣ್ಣಗಾದ ಭ್ರಮೆ ಕೊಡುತ್ತದೆ, ಸ್ನಾಯು ಒಳಗೆ ತಣ್ಣಗಾಗುವುದಿಲ್ಲ. ಹಾಗಾಗಿ ಸ್ಪ್ರೇ ಹೊಡೆದು “ಐಸ್ ಇಟ್ಟ ಹಾಗೇ ಆಯಿತು” ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸ್ಪ್ರೇಯ ಒಳ್ಳೆಯ ಗುಣ ಒಂದೇ, ಮುಟ್ಟಿದರೆ ನೋಯುವ ಜಾಗಕ್ಕೆ ಕೈ ತಾಗಿಸದೆ ಹಾಕಬಹುದು. ಹೊಡೆದು ನೋವು ಮರೆಯಾದ ಕೂಡಲೇ ಮತ್ತೆ ಆಟಕ್ಕೆ ಇಳಿಯುವುದೇ ಅದರಿಂದ ಆಗುವ ದೊಡ್ಡ ಹಾನಿ. ಅರ್ಧ ಹರಿದದ್ದು ಪೂರ್ತಿ ಹರಿಯುವುದು ಆಗಲೇ. ಒಲೆಯ ಹತ್ತಿರ ಸ್ಪ್ರೇ ಬೇಡ, ಒಳಗಿನ ಅನಿಲಕ್ಕೆ ಬೆಂಕಿ ಹಿಡಿಯುತ್ತದೆ.

ಜೆಲ್ ಸಾಲದಷ್ಟು ಹಚ್ಚುವುದು ಸಾಮಾನ್ಯ ತಪ್ಪು. ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು. ಮಕ್ಕಳು ಆಡುವ ಗೋಲಿಯ ಗಾತ್ರ ಅಂದರೆ ಸುಮಾರು 2 ಗ್ರಾಂ. ದಿನಕ್ಕೆ ಮೂರು ಸಲ ಹಚ್ಚಿದರೆ 30 ಗ್ರಾಂ ಟ್ಯೂಬ್ ಐದು ದಿನಕ್ಕೆ ಮುಗಿಯಬೇಕು. ಒಂದು ಟ್ಯೂಬ್ ತಿಂಗಳುಗಟ್ಟಲೆ ಬರುತ್ತಿದ್ದರೆ ಮದ್ದು ಒಳಗೆ ಹೋಗುತ್ತಿಲ್ಲ ಎಂದೇ ಅರ್ಥ. ಒತ್ತಿ ತಿಕ್ಕದೆ ಹಗುರಾಗಿ ಸವರಿ, ಒಣಗಲು ಹತ್ತು ನಿಮಿಷ ಬಿಡಿ.

ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮುಗಳಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಮೆಂಥಾಲ್ 3%ಕ್ಕಿಂತ, ಸ್ಯಾಲಿಸಿಲೇಟ್ 10%ಕ್ಕಿಂತ ಹೆಚ್ಚಿದ್ದವೇ ಅದರಲ್ಲಿ ಮುಖ್ಯ. ನಮ್ಮಲ್ಲಿನ ಜೆಲ್‌ಗಳಲ್ಲಿ ಮೆಂಥಾಲ್ ಅದಕ್ಕಿಂತ ಜಾಸ್ತಿಯೇ ಇದೆ. ಜೆಲ್ ಹಚ್ಚಿ ಅದರ ಮೇಲೆ ಬಿಗಿ ಬ್ಯಾಂಡೇಜ್ ಅಥವಾ ಬಿಸಿನೀರ ಚೀಲ ಇಡಬಾರದು ಎನ್ನುವುದು ಇದಕ್ಕೇ. ತರಚಿದ ಚರ್ಮಕ್ಕೆ ತಾಗಿಸಬಾರದು, ಆಸ್ಪಿರಿನ್ ಅಲರ್ಜಿ ಇರುವವರು ಮುಟ್ಟಬಾರದು, ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಲ್ಲಿ ಕೇಳದೆ ಹಚ್ಚಬಾರದು. ಬಾಮ್ ಆಯುರ್ವೇದದ್ದು, ಹಾಗಾಗಿ ತೊಂದರೆಯಿಲ್ಲ ಎನ್ನುವವರು ಲೇಬಲ್‌ನಲ್ಲಿ ‘ಗಂಧಪುರ ತೈಲ’ ಇದೆಯೇ ನೋಡಲಿ. ಅದರಲ್ಲಿ ಇರುವುದು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟೇ. ಮೆಂಥಾಲ್ ಇಲ್ಲದ ಬರೇ ಡೈಕ್ಲೋಫೆನಾಕ್ ಜೆಲ್ ಕೇಳಿ ತಂದರೆ ಉರಿಯೂ ಕಡಿಮೆ. ಜನೌಷಧಿ ಕೇಂದ್ರ ಹತ್ತಿರವಿದ್ದರೆ ಅಲ್ಲಿ ಮೊದಲು ವಿಚಾರಿಸಿ, ಬೆಲೆಯಲ್ಲಿ ವ್ಯತ್ಯಾಸ ಕಾಣುತ್ತದೆ.

ಮುರಿವೆಣ್ಣ ಮತ್ತು ಕೊಟ್ಟಂಚುಕ್ಕಾದಿ

ಕೇರಳದ ತೈಲಗಳು ಇಷ್ಟು ಸುಲಭವಾಗಿ ಸಿಗುವುದು ಗಡಿನಾಡಿನವರ ಭಾಗ್ಯ. ಕೋಟ್ಟಕ್ಕಲ್ ಆರ್ಯ ವೈದ್ಯಶಾಲೆ, ವೈದ್ಯರತ್ನಂ, ಕೇರಳ ಸರಕಾರದ್ದೇ ಆದ ‘ಔಷಧಿ’ ಎಂಬ ಕಂಪನಿ, ಎಲ್ಲವೂ ಈ ತೈಲಗಳನ್ನು ಮಾಡುತ್ತವೆ. ಆದರೆ ಲೇಬಲ್ ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ. ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಮನೆಯವರು ಓದಿ ಹೇಳಬೇಕು, ಬಾಟಲಿಯ ಮೇಲೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿಡಿ. ‘ಪುರಟ್ಟುಕ’ ಎಂದರೆ ಹಚ್ಚುವುದು. ಹೊಟ್ಟೆಗೆ ತೆಗೆದುಕೊಳ್ಳುವ ಕಷಾಯದ ಬಾಟಲಿಯೂ ಅದೇ ಗಾತ್ರದಲ್ಲಿ ಪಕ್ಕದಲ್ಲಿ ಇರುತ್ತದೆ, ಬೇರೆ ಕಪಾಟಿನಲ್ಲಿಡಿ.

ಎರಡು ತೈಲಗಳೂ ಒಂದೇ ಕೆಲಸಕ್ಕಲ್ಲ. ಮುರಿವೆಣ್ಣ ತೆಂಗಿನೆಣ್ಣೆಯಲ್ಲಿ ಮಾಡಿದ್ದು. ಹೊಂಗೆ, ನುಗ್ಗೆ, ವೀಳ್ಯದೆಲೆ, ಲೋಳೆಸರ, ಈರುಳ್ಳಿ, ಶತಾವರಿ ಇವೆಲ್ಲ ಅದರಲ್ಲಿ ಬೀಳುತ್ತವೆ. ಹೊಸದಾಗಿ ಪೆಟ್ಟಾದಾಗ, ಊತಕ್ಕೆ ವೈದ್ಯರು ಹೇಳುವುದು ಇದನ್ನು. ಹೊಸ ಸೆಳೆತಕ್ಕೆ ಇದನ್ನೂ ತಿಕ್ಕುವಂತಿಲ್ಲ: ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೈಲದಲ್ಲಿ ಅದ್ದಿ, ನೋವಿನ ಜಾಗದ ಮೇಲೆ ಹಾಸಿ, ಸಡಿಲವಾಗಿ ಸುತ್ತಿ ಒಂದೆರಡು ಗಂಟೆ ಬಿಡುವುದು. ತಣ್ಣಗಿದ್ದ ಹಾಗೆಯೇ, ಬಿಸಿ ಮಾಡದೆ. ಕೊಟ್ಟಂಚುಕ್ಕಾದಿ ಎಳ್ಳೆಣ್ಣೆಯದ್ದು. ಕೋಷ್ಠ, ಶುಂಠಿ, ಬಜೆ, ಸಾಸಿವೆ, ಬೆಳ್ಳುಳ್ಳಿ ಸೇರಿ ಉಷ್ಣ ಗುಣದ್ದು. ಇದು ಬಾವು ಇಳಿದ ಮೇಲೆ ಉಳಿಯುವ ಬಿಗಿತಕ್ಕೆ, ಹಳೆಯ ಸೊಂಟ ನೋವಿಗೆ. ಹೊಸ ಸೆಳೆತಕ್ಕೆ ಅದೇ ದಿನ ಕೊಟ್ಟಂಚುಕ್ಕಾದಿ ಕಾಯಿಸಿ ತಿಕ್ಕಿದರೆ ರಾತ್ರಿಯೊಳಗೆ ಬಾವು ಇಮ್ಮಡಿ.

ತೊಡೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕುವುದು ಇನ್ನೂ ಅಪಾಯ, ಆ ಹೆಪ್ಪಿನಲ್ಲಿ ವಾರಗಳ ನಂತರ ಮೂಳೆಯಂಥ ಗಟ್ಟಿ ಬೆಳೆದು ಮೊಣಕಾಲು ಮಡಚಲಾಗದೆ ಹೋಗಬಹುದು. ನಾಲ್ಕೈದು ದಿನದ ನಂತರ, ಮುಟ್ಟಿದರೆ ಚುರುಕ್ ಎನ್ನದಿದ್ದರೆ, ತೈಲದ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ, ಕೆಳಗಿನಿಂದ ಎದೆಯ ದಿಕ್ಕಿಗೆ ಹತ್ತು ನಿಮಿಷ ಅಂಗೈಯಲ್ಲಿ ಸವರಿ. ಬೆರಳ ತುದಿಯಿಂದ ಅಗೆಯಬೇಡಿ.

ಶಾಖದ ಚೀಲಗಳು

ರಬ್ಬರಿನ ಬಿಸಿನೀರ ಚೀಲ ಸಾಕು. ಮೂರನೇ ಎರಡು ಭಾಗ ನೀರು, ಕುದಿಯುವ ನೀರಲ್ಲ, ಗಾಳಿ ಹೊರಹಾಕಿ, ಬೈರಾಸು ಸುತ್ತಿ 15 ನಿಮಿಷ. ರಬ್ಬರ್ ಬಿರುಕು ಬಿಟ್ಟಿದ್ದರೆ, ಮುಚ್ಚಳದ ವಾಶರ್ ಗಟ್ಟಿಯಾಗಿದ್ದರೆ ಬದಲಾಯಿಸಿ. ವಿದ್ಯುತ್ತಿನಿಂದ ಕಾಯುವ ದ್ರವದ ಚೀಲಗಳನ್ನು ನಾವು ಹೇಳುವುದಿಲ್ಲ. ತೆಗೆದುಕೊಂಡೇ ಆಗಿದ್ದರೆ ನೆಲದ ಮೇಲಿಟ್ಟು ಕಾಯಿಸಿ, ಪ್ಲಗ್ ತೆಗೆದ ಮೇಲೆಯೇ ಮೈಗೆ ಇಡಿ. ಉಬ್ಬಿದ, ಒಸರುವ ಚೀಲವನ್ನು ಇನ್ನೊಮ್ಮೆ ಪ್ಲಗ್ಗಿಗೆ ಹಾಕಬೇಡಿ.

ಮಸಾಜ್ ಗನ್, ಬಣ್ಣದ ಅಂಟುಪಟ್ಟಿ ಇವಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ. ವ್ಯಾಯಾಮದ ರಬ್ಬರ್ ಪಟ್ಟಿಯೂ ಮೀನಖಂಡಕ್ಕೆ ಬೇಡ, ಮನೆಯ ಮೆಟ್ಟಿಲೇ ಸಾಕು: ನಡೆದರೆ ನೋವಿಲ್ಲ ಎನ್ನುವ ಹಂತ ಬಂದ ಮೇಲೆ ಗೋಡೆ ಹಿಡಿದು ಪಾದದ ಮುಂಭಾಗವನ್ನು ಮೆಟ್ಟಿಲ ಅಂಚಿನಲ್ಲಿಟ್ಟು, ಎರಡೂ ಕಾಲಲ್ಲಿ ಏರಿ ನಿಧಾನವಾಗಿ ಇಳಿಯುವುದು, 15ರಂತೆ ಮೂರು ಸಲ. ಸಣ್ಣ ಸೆಳೆತ ಒಂದರಿಂದ ಮೂರು ವಾರಕ್ಕೆ ಸರಿಯಾಗುತ್ತದೆ. ಊತ, ನೀಲಿ ಕಲೆ, ಬಲ ಇಲ್ಲದಿರುವುದು ಇದ್ದರೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ದೋಟಿ ಕೆಲಸದವರು ಒಂದೇ ವಾರದಲ್ಲಿ ಮರಳುವುದೇ ಮತ್ತೆ ಮತ್ತೆ ಅದೇ ಹೆಗಲು ಹಿಡಿಯಲು ಕಾರಣ.

ನೋವಿನ ಮಾತ್ರೆ ಬೇಕಾದರೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಲಿವರ್ ತೊಂದರೆ ಇರುವವರು, ದಿನವೂ ಕುಡಿಯುವವರು ಕೇಳಿಯೇ ತೆಗೆದುಕೊಳ್ಳಲಿ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವಕ್ಕೆ ದಾರಿ. ಇನ್ನೂ ಮುಖ್ಯವಾದ್ದು: ತೋಟದ ಕೆಸರಲ್ಲಿ, ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಎರಡೂ ಮೀನಖಂಡ ಹಿಂಡಿದಂತೆ ನೋವು, ಜ್ವರ, ಕಣ್ಣು ಕೆಂಪು ಬಂದರೆ ಅದು ಸೆಳೆತವಲ್ಲ, ಇಲಿಜ್ವರ ಇರಬಹುದು. ಬ್ಯಾಂಡೇಜ್ ಕಟ್ಟಿ ಕಾಯದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

‘ಟಪ್’ ಎಂದು ಸದ್ದು ಕೇಳಿ ಸ್ನಾಯುವಿನಲ್ಲಿ ಕುಳಿ ಬಿದ್ದಿದ್ದರೆ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಸ್ಪರ್ಶ ಹೋಗಿದ್ದರೆ, ಕಾಲು ಕಲ್ಲಿನ ಹಾಗೆ ಬಿಗಿದು ನೋವು ಏರುತ್ತಲೇ ಇದ್ದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಆಸ್ಪತ್ರೆ. ಪೆಟ್ಟೇನೂ ಆಗದೆ ಒಂದೇ ಮೀನಖಂಡ ಬಿಸಿಯಾಗಿ ಕೆಂಪಗೆ ಊದಿಕೊಂಡರೆ ರಕ್ತನಾಳದಲ್ಲಿ ಹೆಪ್ಪು ಇರಬಹುದು, ಅದನ್ನು ತಿಕ್ಕಲೇಬಾರದು, ಅಲ್ಲಿಗೂ ಕೂಡಲೇ ವೈದ್ಯರು ಬೇಕು. ಸೊಂಟ ಹಿಡಿದವರಿಗೆ ಮೂತ್ರ ಕಟ್ಟಿದರೆ ರಾತ್ರಿಯಾದರೂ ಹೊರಡಿ.

ಬ್ಯಾಂಡೇಜನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಹಿಂಡದೆ ಬೈರಾಸಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಮಟ್ಟಸವಾಗಿ ಹಾಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೇ ಜೋಲುತ್ತದೆ, ಇಸ್ತ್ರಿ ಪೆಟ್ಟಿಗೆ ತಾಗಿದರೆ ಎಳೆತ ಸಾಯುತ್ತದೆ. ಎರಡು ಬ್ಯಾಂಡೇಜ್ ಇದ್ದರೆ ಮಳೆಗಾಲದಲ್ಲಿ ಒಂದು ಒಣಗುವವರೆಗೆ ಇನ್ನೊಂದು ಇರುತ್ತದೆ. ಒಂದು ಗೇಣು ಎಳೆದು ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳದಿದ್ದರೆ ಅದನ್ನು ಒರೆಸುವ ಬಟ್ಟೆ ಮಾಡಿ, ಹೊಸದು ತನ್ನಿ.